ಮ್ಯಾಚಿಂಗ್ ಸೆಂಟರಿನ ಕಣ್ಣು

ನನ್ನ ಕನ್ನಡಕ ಒಂದು ಸಲ ನನ್ನನ್ನು ಇಲ್ಲೇ ಬಿಟ್ಟು ಮಲೆಬೆನ್ನೂರಿಗೆ ಹೋಗಿತ್ತು. ಗೌರಿ ಹಬ್ಬದ ಹಿಂದಿನ ದಿನ. ಹರಿಹರದ ಪೇಟೆಯಲ್ಲಿರುವ ನಮ್ಮ ಮ್ಯಾಚಿಂಗ್ ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀರೆಗೆ ಹೊಂದುವ ಜಂಪರ್ ಪೀಸು, ಲಂಗ, ಫಾಲ್, ಲೈನಿಂಗ್ ಬಟ್ಟೆ, ಇಷ್ಟೇ ನಮ್ಮ ವ್ಯಾಪಾರ. ಆದರೆ ಹಬ್ಬ ಬಂತೆಂದರೆ ಸುತ್ತಲಿನ ಹಳ್ಳಿಗಳ ಅರ್ಧ ಹೆಂಗಸರಿಗೆ ಇದಿಲ್ಲದೆ ನಡೆಯುವುದಿಲ್ಲ. ನಾನು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟು ಯಾವುದೋ ಬಣ್ಣ ನೋಡುತ್ತಿದ್ದೆ. ಪಕ್ಕದಲ್ಲಿ ಅತ್ತೆ ಬಟ್ಟೆ ಮಡಚಿ ಮಡಚಿ ಕವರಿಗೆ ಹಾಕುತ್ತಿದ್ದರು. ಒಂದು ಮಡಿಕೆಯೊಳಗೆ ನನ್ನ ಕನ್ನಡಕವೂ ಸೇರಿಕೊಂಡಿತು. ನಾನು ತಡಕಾಡಿ ಗಲಾಟೆ ಎಬ್ಬಿಸುವಷ್ಟರಲ್ಲಿ ಆ ಗಿರಾಕಿ ಬಸ್ಸು ಹತ್ತಿ ಹೋಗಿಯಾಗಿತ್ತು.

ಅಂದು ಮಧ್ಯಾಹ್ನದಿಂದ ಸಂಜೆಯವರೆಗೆ ನಾನು ಎದುರು ನಿಂತವರ ದನಿ ಕೇಳಿ ವ್ಯಾಪಾರ ಮಾಡಿದೆ. ಮುಖಗಳೆಲ್ಲ ಕಲಸಿದ ಹಿಟ್ಟಿನಂತೆ ಕಾಣುತ್ತಿದ್ದವು. ನನ್ನ ಗಂಡ ಊಟದ ಡಬ್ಬಿ ಹಿಡಿದು ಬಂದು ನಿಂತಾಗ ಬರ್ರಿ, ಏನು ತೋರಿಸಲಿ ಎಂದು ಕೇಳಿದೆ. ಅವರು ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಡಿಮೆ, ಆದರೆ ಸಿಕ್ಕ ಅವಕಾಶ ಬಿಡುವವರಲ್ಲ. ಅಂದಿನಿಂದ ಮನೆಯಲ್ಲಿ ಚಹಾ ಕೇಳುವಾಗಲೂ ಗಿರಾಕಿ ಬಂದಿದ್ದೇನೆ ಎಂದೇ ಕೇಳುತ್ತಿದ್ದರು. ಕನ್ನಡಕ ಮರುದಿನ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ವಾಪಸು ಬಂತು. ಅದನ್ನು ಮೂಗಿನ ಮೇಲೆ ಏರಿಸಿದ ಆ ಕ್ಷಣದಲ್ಲೇ ನಾನು ತೀರ್ಮಾನಿಸಿದೆ, ಇದರ ಸಹವಾಸ ಸಾಕು.

ನನಗಾಗ ಮೂವತ್ತೊಂದು ವರ್ಷ. ಬಲಗಣ್ಣಿಗೆ ಮೈನಸ್ ಆರೂವರೆ, ಎಡಗಣ್ಣಿಗೆ ಏಳು. ಮೂರನೇ ಕ್ಲಾಸಿನಿಂದ ಸೋಡಾಬುಡ್ಡಿ ಎನ್ನಿಸಿಕೊಂಡು ಬೆಳೆದವಳು. ಲೆನ್ಸ್ ಹಾಕಿ ನೋಡಿದ್ದೆ. ಅಂಗಡಿಯ ಬಟ್ಟೆಯ ದೂಳಿಗೆ ಎರಡೇ ದಿನದಲ್ಲಿ ಕಣ್ಣು ಕೆಂಪಾದವು. ಆದರೆ ನಿಜ ಹೇಳಬೇಕೆಂದರೆ ಈ ವ್ಯಾಪಾರದಲ್ಲಿ ನನಗೆ ಹೆಸರು ತಂದುಕೊಟ್ಟಿದ್ದೂ ಅದೇ ಕೆಟ್ಟ ಕಣ್ಣು. ದೂರದ್ದು ಕಾಣದ ಕಣ್ಣಿಗೆ ತೀರಾ ಹತ್ತಿರದ್ದು ಎಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ. ನಮ್ಮ ಕಡೆ ಹಳ್ಳಿಯಿಂದ ಬರುವ ಹೆಂಗಸರು ಮ್ಯಾಚಿಂಗಿಗೆ ಸೀರೆಯನ್ನೇ ಹೊತ್ತು ತರುವುದಿಲ್ಲ. ಒಳ್ಳೆಯ ಸೀರೆ ಬಸ್ಸಿನಲ್ಲಿ ಕೊಳೆಯಾಗುತ್ತದೆ, ನೆಂಟರ ಕಣ್ಣಿಗೂ ಬೀಳುತ್ತದೆ. ಸೆರಗಿನ ತುದಿಯಿಂದ ಎರಡು ಎಳೆ ನೂಲು ಕಿತ್ತು ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ ತರುತ್ತಾರೆ. ಒಂದು ಉದ್ದಕ್ಕೆ ಹೋಗುವ ಹಾಸಿನ ಎಳೆ, ಒಂದು ಅಡ್ಡ ಹೋಗುವ ಹೊಕ್ಕಿನ ಎಳೆ. ನಾನು ಕನ್ನಡಕ ತೆಗೆದು ಆ ಎಳೆಯನ್ನು ಕಣ್ಣಿನಿಂದ ಎರಡು ಬೆರಳು ದೂರದಲ್ಲಿ ಹಿಡಿದರೆ ಅದರ ಒಂದೊಂದು ತಿರುವೂ ಕಾಣುತ್ತಿತ್ತು. ರಾಮಾ ಗ್ರೀನ್ ಎಲ್ಲಿ ಮುಗಿದು ನವಿಲು ಹಸಿರು ಎಲ್ಲಿ ಶುರುವಾಗುತ್ತದೆ ಎಂದು ನೂಲೇ ಹೇಳುತ್ತಿತ್ತು. ನಾನು ಕೊಟ್ಟ ಬಟ್ಟೆಯನ್ನು ಅವರು ಬೀದಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿ, ಬಾಯಿಮುಚ್ಚಿಕೊಂಡು ಒಳಗೆ ಬರುತ್ತಿದ್ದರು.

ಅಂಗಡಿ ಕಟ್ಟಿದ್ದು ಅತ್ತೆ. ಗಂಡನನ್ನು ಕಳೆದುಕೊಂಡ ಮೇಲೆ ಎರಡು ಗಂಡುಮಕ್ಕಳನ್ನು ಈ ಬಟ್ಟೆಯ ರೋಲುಗಳ ನಡುವೆಯೇ ಓದಿಸಿದವರು. ಈಚೆಗೆ ಅವರ ಕಣ್ಣಿಗೆ ಪೊರೆ ಬಂದಿತ್ತು, ಕಂದು ಯಾವುದು, ಮರೂನ್ ಯಾವುದು ಗೊತ್ತಾಗುತ್ತಿರಲಿಲ್ಲ. ಆಪರೇಷನ್ ಎಂದರೆ ಎದ್ದು ಹೋಗುತ್ತಿದ್ದರು. ಹೀಗಾಗಿ ಅಂಗಡಿಯ ಕಣ್ಣು ನಾನೇ. ದಾವಣಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಮೈದುನನಿಗೆ ಹರಿಹರದಲ್ಲೂ ಒಂದು ಜಾಗ ಬೇಕಾಗಿತ್ತು. ಆನ್‌ಲೈನಿನಲ್ಲಿ ರೆಡಿಮೇಡ್ ಜಂಪರ್ ಸಿಗುವ ಕಾಲದಲ್ಲಿ ಇದನ್ನು ಯಾಕೆ ಇಟ್ಟುಕೊಂಡು ಕೂತಿದ್ದೀರಿ ಎಂದು ಹಬ್ಬಕ್ಕೊಮ್ಮೆ ಕೇಳುತ್ತಿದ್ದ. ಬಣ್ಣ ತಪ್ಪದೆ ನಡೆಯುವ ತನಕ ಅಂಗಡಿ ನಡೆಯಲಿ ಎಂದು ಅತ್ತೆ ಅವನ ಬಾಯಿ ಮುಚ್ಚಿಸುತ್ತಿದ್ದರು. ಆ ಕೌಂಟರಿನ ಹಿಂದೆ ಕೂತಾಗ ಮಾತ್ರ ನಾನು ಯಾರದೋ ಹೆಂಡತಿ, ಯಾರದೋ ಸೊಸೆ ಎನ್ನುವುದು ಮರೆತುಹೋಗುತ್ತಿತ್ತು. ಅದನ್ನು ಕಳೆದುಕೊಳ್ಳುವ ಯೋಚನೆ ಬಂದರೂ ನನಗೆ ಸಿಟ್ಟು ಬರುತ್ತಿತ್ತು.

ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ನಿನ ವಿಷಯ ತೆಗೆದಾಗ ಅತ್ತೆ ದೇವರು ಕೊಟ್ಟ ಕಣ್ಣಿಗೆ ಬೆಂಕಿ ಹಚ್ಚಿಸಿಕೊಳ್ಳುತ್ತೀಯಾ ಎಂದು ಕೇಳಿದರು. ದೇವರು ಕೊಟ್ಟಿದ್ದು ಮೈನಸ್ ಏಳು ಎಂದೆ ನಾನು. ಮೂರನೇ ದಿನ ಒಂದು ಕರಾರಿನ ಮೇಲೆ ಒಪ್ಪಿದರು: ಏನೇ ಆದರೂ ಬೆಳಗಿನ ಲಿಂಗಪೂಜೆ ತಪ್ಪಬಾರದು. ನಮ್ಮದು ಇಷ್ಟಲಿಂಗ ಕಟ್ಟಿಕೊಳ್ಳುವ ಮನೆ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಎವೆಯಿಕ್ಕದೆ ನೋಡುತ್ತ ಕೂರಬೇಕು. ನನ್ನ ತವರಿನಲ್ಲಿ ಇದು ಐದು ನಿಮಿಷದ ಕೆಲಸವಾಗಿತ್ತು. ಅತ್ತೆ ಮಾತ್ರ ಇದರಲ್ಲಿ ಬಲು ಕಟ್ಟುನಿಟ್ಟು. ಲಿಂಗಪೂಜೆಗೆ ಕನ್ನಡಕ ಬೇಕಿರಲಿಲ್ಲ, ಅಂಗೈ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರವಿತ್ತು. ಒಪ್ಪಿಕೊಂಡೆ.

ದಾವಣಗೆರೆಯ ಕಣ್ಣಿನ ಆಸ್ಪತ್ರೆಯಲ್ಲಿ ಒಂದಿಡೀ ದಿನ ಪರೀಕ್ಷೆಗಳಾದವು. ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು, ತಾಳ್ಮೆಯವರು. ಕಣ್ಣಿನ ಮುಂದಿನ ಪದರ ಸಾಕಷ್ಟು ದಪ್ಪ ಇದೆ, ಮಾಡಬಹುದು ಎಂದರು. ಆಮೇಲೆ ಏನೇನು ಆಗಬಹುದು ಎಂದು ಹೇಳಿದರು. ಕೆಲವು ತಿಂಗಳು ಕಣ್ಣು ಒಣಗಬಹುದು, ದೀಪಗಳ ಸುತ್ತ ಬಳೆ ಕಾಣಬಹುದು, ಸ್ವಲ್ಪ ಪವರ್ ಉಳಿಯಬಹುದು, ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಬರುತ್ತದೆ, ಈಗ ಮೂಗಿನ ಹತ್ತಿರ ಹಿಡಿದು ನೋಡುವ ಹಾಗೆ ಇನ್ನು ಮುಂದೆ ಆಗುವುದಿಲ್ಲ. ಎಲ್ಲಕ್ಕೂ ತಲೆಯಾಡಿಸಿದೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ ಪ್ರಶ್ನೆ, ಅದನ್ನೇ ಕೇಳಿದೆ: ಎಷ್ಟು ದೂರ ಕಾಣುತ್ತದೆ? ಗಿರಾಕಿ ಬಣ್ಣ ಕೇಳುವಾಗ ಅರ್ಧ ಮಾತು ಕೇಳಿಸಿಕೊಂಡವರನ್ನು ನಾನೇ ಎಷ್ಟು ಸಲ ಬೈದಿದ್ದೇನೆ.

ಸಂಕ್ರಾಂತಿ ಮುಗಿದ ಮೇಲೆ ಆಪರೇಷನ್ ಆಯಿತು. ಕಣ್ಣಿಗೆ ಮರಗಟ್ಟುವ ಹನಿ ಹಾಕಿದರು. ಏನೋ ಒತ್ತಿದಂತಾಗಿ ಒಂದಷ್ಟು ಹೊತ್ತು ಕತ್ತಲಾಯಿತು. ಆಮೇಲೆ ಒಂದು ಹಸಿರು ಚುಕ್ಕೆಯನ್ನೇ ನೋಡುತ್ತಿರಿ ಎಂದರು. ಕೂದಲು ಸುಟ್ಟ ವಾಸನೆ ಬಂತು. ಎರಡೂ ಕಣ್ಣು ಸೇರಿ ಒಂದು ಚಹಾ ಕುದಿಯುವಷ್ಟು ಹೊತ್ತು. ಹೊರಗೆ ಟೀವಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ ನನ್ನ ಗಂಡನಿಗೆ ಮಾತ್ರ ತಲೆ ಸುತ್ತಿ ನರ್ಸುಗಳು ಸೋಡಾ ಕುಡಿಸಿದರಂತೆ. ಕಬ್ಬಿಣ ಕೊರೆಯುವ ಮನುಷ್ಯ. ಗಿರಾಕಿ ಚಹಾ ಕೇಳುವುದು ಅಂದಿಗೆ ನಿಂತಿತು.

ಮರುದಿನ ಡಾಕ್ಟರಿಗೆ ತೋರಿಸಿ ಹರಿಹರದ ಬಸ್ ನಿಲ್ದಾಣದಲ್ಲಿ ಇಳಿದೆವು. ಕಪ್ಪು ಕನ್ನಡಕದ ಹಿಂದಿನಿಂದ ತಲೆ ಎತ್ತಿದೆ. ಆ ತುದಿಯಲ್ಲಿ ನಿಂತಿದ್ದ ಬಸ್ಸಿನ ಹಣೆಯ ಮೇಲೆ ಭಾನುವಳ್ಳಿ ಎಂದಿತ್ತು. ಅದರಾಚೆಯದು ಮಲೆಬೆನ್ನೂರು. ಅದರ ಡ್ರೈವರ್ ಕಿಟಕಿಯಲ್ಲಿ ಕೂತು ಶೇಂಗಾ ತಿನ್ನುತ್ತಿದ್ದ, ಸಿಪ್ಪೆ ಕೆಳಗೆ ಬೀಳುವುದೂ ಕಾಣಿಸಿತು. ನಾನು ಎಲ್ಲ ಬೋರ್ಡುಗಳನ್ನೂ ಜೋರಾಗಿ ಓದುತ್ತಾ ಹೋದೆ. ಬಸ್ಸುಗಳು ಮುಗಿದ ಮೇಲೆ ಅಂಗಡಿಗಳ ಬೋರ್ಡು, ಗೋಡೆಯ ಮೇಲಿನ ಶ್ರದ್ಧಾಂಜಲಿ, ಮೂಲವ್ಯಾಧಿಯ ಜಾಹೀರಾತು. ನನ್ನ ಗಂಡ ಮೆಲ್ಲನೆ ನಡೆಯೋಣ ಎಂದರು. ನನಗೆ ನಡೆಯಬೇಕಿರಲಿಲ್ಲ. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಇಳಿಯುತ್ತಿದ್ದ ನಿಲ್ದಾಣ ಅದು, ಮತ್ತು ನಾನದನ್ನು ಮೊದಲ ಸಲ ನನ್ನದೇ ಕಣ್ಣಿನಿಂದ ನೋಡುತ್ತಿದ್ದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಗಂಡನಿಗೂ ಹೇಳಿದ್ದೇನೆ.

ಹತ್ತು ದಿನ ಮನೆಯಲ್ಲಿದ್ದು ಅಂಗಡಿಗೆ ಬಂದೆ. ಮೊದಲ ಗಿರಾಕಿಯೇ ಕಾಗದ ಬಿಚ್ಚಿ ಎರಡು ಎಳೆ ಕೊಟ್ಟಳು. ಅಭ್ಯಾಸಬಲದಿಂದ ಮೂಗಿನ ಬಳಿ ಹಿಡಿದೆ. ಏನೂ ಇಲ್ಲ. ಬೆರಳೂ ಮಸುಕು, ನೂಲೂ ಮಸುಕು. ಹಿಂದೆ ಸರಿಸಿದೆ, ಮುಂದೆ ತಂದೆ. ಒಂದು ಮೊಳ ದೂರ ಹಿಡಿದರೆ ನೂಲು ಇದೆ ಎನ್ನುವುದು ಗೊತ್ತಾಗುತ್ತಿತ್ತು, ಅದರ ಬಣ್ಣದ ಒಳಗುಟ್ಟು ಕಾಣುತ್ತಿರಲಿಲ್ಲ. ಆಗ ಡಾಕ್ಟರ ಮಾತು ನೆನಪಾಯಿತು. ಕೌಂಟರಿನ ಹಿಂದೆ ಕೂತು ನನ್ನ ಅವಸರದ ಬುದ್ಧಿಯನ್ನು ನಾನೇ ಬೈದುಕೊಂಡೆ. ಅಂಗಡಿಗೆ ಬೇಕಾದ ಕಣ್ಣನ್ನೇ ಸುಡಿಸಿಕೊಂಡು ಬಂದಿದ್ದೆ.

ಅಷ್ಟೇ ಆಗಿದ್ದರೆ ಹೇಗೋ ಹೊಂದಿಕೊಳ್ಳುತ್ತಿದ್ದೆ. ಒಂದೂವರೆ ತಿಂಗಳಿಗೆ ದೂರದ ನೋಟವೂ ಹದಗೆಡತೊಡಗಿತು. ಬೆಳಿಗ್ಗೆ ಪೂಜೆ ಮುಗಿಸಿ ಏಳುವಾಗಲೇ ಎದುರಿನ ಗೋಡೆ ಮಸುಕಾಗಿರುತ್ತಿತ್ತು. ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಸುತ್ತ ಬೂದಿ ಬಣ್ಣದ ಬಳೆ. ಮಧ್ಯಾಹ್ನದ ಹೊತ್ತಿಗೆ ಬಣ್ಣಗಳ ಮೇಲೆ ಹಾಲಿನ ಕೆನೆ ಕಟ್ಟಿದಂತೆ ಒಂದು ಪದರ. ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಡಾಕ್ಟರು ಕೊಟ್ಟ ಕಣ್ಣೀರಿನಂಥ ಹನಿಯನ್ನು ತಪ್ಪದೆ ಹಾಕುತ್ತಿದ್ದೆ. ಕಣ್ಣು ಕಾಣುತ್ತಿಲ್ಲ ಎಂದು ಅತ್ತೆಗೆ ಮಾತ್ರ ಹೇಳಿದೆ. ಅವರು ಹೆದರಿದರು, ಹೆದರಿ ತಮಗೆ ಗೊತ್ತಿದ್ದ ಔಷಧ ಹೇಳಿದರು. ಲಿಂಗವನ್ನು ನೋಡುವ ಹೊತ್ತನ್ನು ಹೆಚ್ಚಿಸು, ದೃಷ್ಟಿಗೆ ಬಲ ಬರುತ್ತದೆ ಎಂದರು. ಹತ್ತು ನಿಮಿಷ ಇಪ್ಪತ್ತಾಯಿತು, ಅರ್ಧ ಗಂಟೆಯಾಯಿತು. ಎದುರಿಗೆ ದೀಪ, ಪಕ್ಕದಲ್ಲಿ ಲೋಬಾನದ ಹೊಗೆ, ಅಂಗೈಯಲ್ಲಿ ಲಿಂಗ. ರೆಪ್ಪೆ ಬಡಿಯದೆ ನಾನು, ನನ್ನ ರೆಪ್ಪೆಯನ್ನೇ ಕಾಯುತ್ತ ಅತ್ತೆ. ನನ್ನ ಕಣ್ಣುಗಳು ಅಷ್ಟು ಹೊತ್ತು ಉರಿಯದೆ ತೆರೆದೇ ಇರುವುದನ್ನು ನೋಡಿ ಅವರಿಗೆ ಹೆಮ್ಮೆ. ನನಗೂ ಅದೊಂದು ಸಾಧನೆ ಎನಿಸಿತ್ತು.

ಒಂದು ದಿನ ಕೊಕ್ಕನೂರಿನ ಹೆಂಗಸೊಬ್ಬಳು ಬಂದು ಹೊಲಿಸಿದ ಜಂಪರನ್ನೂ ಸೀರೆಯನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಹಾಸಿದಳು. ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಒಯ್ದದ್ದು. ಸೀರೆ ನವಿಲು ಹಸಿರು, ನಾನು ಕೊಟ್ಟಿದ್ದು ರಾಮಾ ಗ್ರೀನ್. ಕುರುಡರಿಗೂ ಕಾಣುವಷ್ಟು ಅಂತರ. ಅವಳು ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀ ಕೊಟ್ಟಿ ಅಂತ ನಾ ಬಿಸಿಲಿಗೂ ಹಿಡೀಲಿಲ್ಲ ತಂಗಿ" ಎಂದಳು. ಬೇರೆ ಬಟ್ಟೆ ತೆಗೆದಿಟ್ಟೆ. ಮುಟ್ಟದೆ ಹೋದಳು.

ಅಂಥವು ಇನ್ನೂ ಮೂರ್ನಾಲ್ಕು ಆದವು. ಸುದ್ದಿ ಮೈದುನನಿಗೆ ಮುಟ್ಟಿತು. ಅವನು ಕೆಟ್ಟವನಲ್ಲ, ವ್ಯಾಪಾರಿ. ಒಂದು ಭಾನುವಾರ ಊಟಕ್ಕೆ ಬಂದವನು ತಾಯಿಯ ಮುಂದೆ ನೇರವಾಗಿಯೇ ಕೇಳಿದ: ಅತ್ತಿಗೆಗೆ ಕಣ್ಣಿನ ತೊಂದರೆ, ನಿನಗೆ ಪೊರೆ, ಇನ್ನು ಅಂಗಡಿ ಯಾರ ಕಣ್ಣಲ್ಲಿ ನಡೆಯಬೇಕು? ಅತ್ತೆ ಕೈಯಲ್ಲಿದ್ದ ರೊಟ್ಟಿ ಮುರಿದರು. ದೀಪಾವಳಿ ತನಕ ನೋಡೋಣ, ಆಗಲೂ ಹೀಗೇ ಇದ್ದರೆ ಜಾಗ ನಿನಗೆ ಎಂದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆದೆ.

ಮರುದಿನವೇ ದಾವಣಗೆರೆಗೆ ಹೊರಟೆ. ಅತ್ತೆಯೂ ಬರುತ್ತೇನೆಂದು ಚಪ್ಪಲಿ ಮೆಟ್ಟಿದರು. ಡಾಕ್ಟರು ಕೆಳರೆಪ್ಪೆಯ ಅಂಚಿಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಕಣ್ಣೀರು ಎಷ್ಟು ಬರುತ್ತದೆಂದು ನೋಡುವ ಪರೀಕ್ಷೆ. ಪಟ್ಟಿ ತುದಿಯಲ್ಲಿ ಮಾತ್ರ ಒದ್ದೆಯಾಗಿತ್ತು. ಲೇಸರ್ ಸರಿಯಾಗಿಯೇ ಕೂತಿದೆ, ಪವರ್ ಉಳಿದಿಲ್ಲ, ಆದರೆ ಕಣ್ಣು ಇಷ್ಟು ಒಣಗಬಾರದಿತ್ತು ಎಂದು ಅವರಿಗೇ ಆಶ್ಚರ್ಯ. ಫ್ಯಾನಿನ ಕೆಳಗೆ ಕೂರುತ್ತೀರಾ, ಮೊಬೈಲ್ ಎಷ್ಟು ಹೊತ್ತು, ಬೆಳಿಗ್ಗೆಯಿಂದ ಏನೇನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿದರು. ನಾನು ಪೂಜೆ ಎಂದಷ್ಟೇ ಹೇಳಿ ಮುಂದಕ್ಕೆ ಹೋದೆ. ಪಕ್ಕದಲ್ಲಿದ್ದ ಅತ್ತೆ ಸೊಸೆಯ ಪೂಜೆಯನ್ನು ಅಷ್ಟರಲ್ಲೇ ಮುಗಿಸಲು ಬಿಡಲಿಲ್ಲ.

"ಅರ್ಧ ತಾಸು ರೆಪ್ಪಿ ಬಡಿಯಂಗಿಲ್ರೀ ನಮ್ಮ ಹುಡುಗಿ. ಲಿಂಗಕ್ಕೆ ಕಣ್ಣು ನೆಟ್ಟು ಕುಂತ್ಳು ಅಂದ್ರೆ ನೆಟ್ಟಂಗೇ" ಎಂದರು.

ಡಾಕ್ಟರ ಪೆನ್ನು ನಿಂತಿತು. ಅವರು ನಗಲಿಲ್ಲ, ಅದಕ್ಕೆ ಇಂದಿಗೂ ಅವರ ಮೇಲೆ ಗೌರವ. ಕುರ್ಚಿಯನ್ನು ಅತ್ತೆಯ ಕಡೆಗೆ ತಿರುಗಿಸಿಕೊಂಡು ವಿವರಿಸಿದರು. ಲೇಸರ್ ಮಾಡುವಾಗ ಕಣ್ಣಿನ ಮೇಲ್ಪದರದ ಸಣ್ಣ ನರಗಳು ಕತ್ತರಿಸಿಹೋಗುತ್ತವೆ. ಅವು ಮತ್ತೆ ಬೆಳೆಯಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಕಣ್ಣಿಗೆ ಒಣಗಿದ್ದು ತಿಳಿಯುವುದಿಲ್ಲ, ರೆಪ್ಪೆ ತಾನಾಗಿ ಬಡಿಯುವುದಿಲ್ಲ. ಉರಿಯದೆ ತೆರೆದಿರುವುದು ಬಲವಲ್ಲ, ಅದು ಜೋಮು ಹಿಡಿದ ಕಣ್ಣು. ಅದರ ಮೇಲೆ ದೀಪದ ಶಾಖ, ಲೋಬಾನದ ಹೊಗೆ. ಪೂಜೆ ಬಿಡಿ ಎಂದು ಅವರು ಹೇಳಲಿಲ್ಲ.

"ಇವ್ರ ಕಣ್ಣಿಗೆ ಈಗ ರೆಪ್ಪೆನೇ ಔಷಧ ಅಜ್ಜಿ. ಎಷ್ಟು ಸಲ ಬಡೀತಾರೋ ಅಷ್ಟು ಬೇಗ ವಾಸಿ ಆಗುತ್ತೆ" ಎಂದರು.

ರೆಪ್ಪೆಯ ಅಂಚಿನ ಕಣ್ಣೀರಿನ ತೂತುಗಳಿಗೆ ಅಕ್ಕಿನುಚ್ಚಿಗಿಂತ ಸಣ್ಣ ಬಿರಡೆ ಕೂರಿಸಿದರು, ಇದ್ದ ನೀರು ಹರಿದುಹೋಗದಿರಲಿ ಎಂದು. ಬೇರೆ ಹನಿ, ಮಲಗುವಾಗ ಹಚ್ಚುವ ಜೆಲ್, ಬೆಚ್ಚನೆ ಬಟ್ಟೆಯ ಶಾಖ ಬರೆದುಕೊಟ್ಟರು. ಬಸ್ಸಿನಲ್ಲಿ ಊರಿಗೆ ಬರುವಾಗ, ಹೊಳೆಯ ಕಡೆಯ ಗಾಳಿ ಬೀಸಿದಾಗ ಅತ್ತೆ ಕಿಟಕಿ ಮುಚ್ಚಿ, ನನ್ನ ಮುಖಕ್ಕೆ ತಮ್ಮ ಸೆರಗನ್ನು ಅಡ್ಡ ಹಿಡಿದರು. ನಾನು ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ಲೋಬಾನ ಇರಲಿಲ್ಲ, ದೀಪ ದೂರದ ಮೂಲೆಗೆ ಹೋಗಿತ್ತು. ಅತ್ತೆ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತರು. ನಾನು ಲಿಂಗವನ್ನು ಅಂಗೈಗೆ ತೆಗೆದುಕೊಂಡ ಗಳಿಗೆಯಲ್ಲೇ ರೆಪ್ಪೆ ಬಡಿ ಎಂದರು. ಬಡಿದೆ. ಐದು ಉಸಿರಿನ ಮೇಲೆ ಮತ್ತೆ ಅದೇ ಮಾತು. ಜಪ ಮಾಡುವವರ ನಿಷ್ಠೆಯಿಂದ ಅವರು ಅದನ್ನು ಪ್ರತಿದಿನ ನಡೆಸಿದರು. ಅಂಗಡಿಯಲ್ಲೂ ಶುರುವಾಯಿತು, ಗಿರಾಕಿಗಳ ಮುಂದೆಯೇ. ಗಿರಾಕಿಗಳು ತಮಗೇ ಹೇಳಿದ್ದೆಂದು ತಿಳಿದು ರೆಪ್ಪೆ ಬಡಿಯುತ್ತಿದ್ದರು. ಶಿವನಿಗೆ ಅಪಚಾರವಾಗುವುದಿಲ್ಲವೇ ಎಂದು ನಾನೊಮ್ಮೆ ಕೆಣಕಿದೆ. ಅವನಿಗೆ ಮೂರು ಕಣ್ಣು, ಕಣ್ಣಿನ ಕಷ್ಟ ಅವನಿಗೆ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತಿರುತ್ತದೆ ಎಂದರು.

ಕಣ್ಣು ಮೆಲ್ಲಗೆ ತಿಳಿಯಾಗುತ್ತ ಬಂತು. ಮೊದಲು ಬೆಳಗಿನ ಹೊತ್ತು, ಆಮೇಲೆ ಮಧ್ಯಾಹ್ನ, ಮಳೆಗಾಲ ಹಿಡಿಯುವಷ್ಟರಲ್ಲಿ ಸಂಜೆಯವರೆಗೂ. ಒಂದು ದಿನ ಕಣ್ಣಿಗೆ ಕಸ ಬಿದ್ದು ಚುಚ್ಚಿದಾಗ ನನಗೆ ಖುಷಿಯಾಯಿತು, ನರ ಬೆಳೆಯುತ್ತಿದೆ ಎಂದು. ಆದರೆ ಮೂಗಿನ ತುದಿಯ ಆ ಹಳೆಯ ನೋಟ ಹೋದದ್ದು ಹೋಯಿತು. ಅದಕ್ಕಾಗಿ ಅಳುತ್ತ ಕೂರುವ ಜಾತಿ ನನ್ನದಲ್ಲ. ನೂಲನ್ನು ಬೆಂಕಿಕಡ್ಡಿಗೆ ಒತ್ತೊತ್ತಾಗಿ ಸುತ್ತಿ ನೋಡಿದೆ. ಒಂದೇ ಎಳೆ ಹತ್ತು ಸುತ್ತು ಬಂದರೆ ಉಗುರಿನಷ್ಟು ಬಣ್ಣದ ತುಂಡಾಗುತ್ತದೆ. ಹಾಸಿನದು ಒಂದು ಕಡ್ಡಿ, ಹೊಕ್ಕಿನದು ಇನ್ನೊಂದು. ಎರಡನ್ನೂ ಬಿಳಿ ಕಾಗದದ ಮೇಲಿಟ್ಟು ತೋಳಿನಷ್ಟು ದೂರದಿಂದ ನೋಡಿದರೆ ಸೀರೆ ಮೈಮೇಲೆ ಹೇಗೆ ಕಾಣುತ್ತದೋ ಆ ಬಣ್ಣವೇ ಎದ್ದುಬರುತ್ತಿತ್ತು. ಆಗ ನನಗೊಂದು ವಿಷಯ ಹೊಳೆಯಿತು. ಇಷ್ಟು ವರ್ಷ ನಾನು ನೂಲಿಗೆ ಬಟ್ಟೆ ಹೊಂದಿಸುತ್ತಿದ್ದೆ. ಜನ ಸೀರೆಯನ್ನು ನೋಡುವುದು ಎರಡು ಬೆರಳು ದೂರದಿಂದಲ್ಲ.

ಅಂದಿನಿಂದ ವ್ಯಾಪಾರವಿಲ್ಲದ ಮಧ್ಯಾಹ್ನಗಳಲ್ಲಿ ನಾನು ರಸ್ತೆ ನೋಡುತ್ತ ಕೂರತೊಡಗಿದೆ. ಆಚೆ ಬದಿಯಲ್ಲಿ ಹೋಗುವ ಸೀರೆ ನೋಡಿ, ಅದಕ್ಕೆ ನಮ್ಮ ಯಾವ ಸಾಲಿನ ಎಷ್ಟನೇ ರೋಲು ಎಂದು ಅತ್ತೆಗೆ ಹೇಳುವುದು. ಈರುಳ್ಳಿ ಸಿಪ್ಪೆ, ಮೂರನೇ ಸಾಲು, ಎಡದಿಂದ ಆರು. ಆನಂದ ನೀಲಿ, ಮೇಲಿನ ಸಾಲು, ಕೊನೆಯದು. ಸೀರೆಯುಟ್ಟವಳು ನಮ್ಮ ಅಂಗಡಿಗೇ ತಿರುಗಿದರೆ ಅತ್ತೆ ಆ ರೋಲು ಇಳಿಸಿ ಅವಳ ತೋಳಿಗೆ ತಾಗಿಸಿ ನೋಡುತ್ತಿದ್ದರು. ಅವರ ಪೊರೆಗಣ್ಣಿಗೆ ಅದೇನು ಕಾಣುತ್ತಿತ್ತೋ, ತೀರ್ಪು ಮಾತ್ರ ಕೊಡುತ್ತಿದ್ದರು. ಮೊದಮೊದಲು ಅರ್ಧಕ್ಕರ್ಧ ತಪ್ಪು. ಬರಬರುತ್ತ ತಪ್ಪು ಕಡಿಮೆಯಾಯಿತು. ಬಿಟ್ಟುಹೋದ ಗಿರಾಕಿಗಳು ಮಾತ್ರ ಇನ್ನೂ ತಿರುಗಿ ಬಂದಿರಲಿಲ್ಲ.

ದೀಪಾವಳಿ ಕಳೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮೈದುನ ಬಡಗಿಯನ್ನು ಕರೆದುಕೊಂಡು, ಅಳತೆ ಟೇಪು ಹಿಡಿದು ಅಂಗಡಿಗೆ ಬಂದ. ಸುಮ್ಮನೆ ಅಳತೆ ತೆಗೆದುಕೊಳ್ಳುತ್ತೇನೆ, ತೀರ್ಮಾನ ಅವ್ವನದು ಎಂದ. ಅತ್ತೆ ಕೌಂಟರು ಒರೆಸುತ್ತಿದ್ದರು. ಬಡಗಿ ನನ್ನ ರೋಲುಗಳ ಮುಂದೆ ಟೇಪು ಎಳೆಯುವಾಗ ನಾನು ಹಲ್ಲು ಕಚ್ಚಿಕೊಂಡು ರಸ್ತೆ ನೋಡಿದೆ.

ರಸ್ತೆಯಾಚೆ ಒಂದು ಕ್ರೂಸರ್ ನಿಂತು ನಾಲ್ಕು ಜನ ಹೆಂಗಸರು ಇಳಿದರು. ಮುಂದಿದ್ದ ದಪ್ಪನೆಯ ಹೆಂಗಸಿನ ಸೀರೆ ಬದನೆಕಾಯಿ ಬಣ್ಣ, ತೊಟ್ಟ ಜಂಪರು ಬೇರೆ ಯಾವುದೋ ನೇರಳೆ. ಅವರು ರಸ್ತೆ ದಾಟುವಷ್ಟರಲ್ಲಿ ನಾನು ಎರಡನೇ ಸಾಲಿನ ರೋಲೊಂದನ್ನು ಇಳಿಸಿ ಕೌಂಟರಿನ ಮೇಲೆ ಬಿಚ್ಚಿಟ್ಟಿದ್ದೆ. ಆಕೆ ಬಂದು ಸೆರಗನ್ನು ಅದರ ಮೇಲಿಟ್ಟಳು. ಎರಡರ ನಡುವಿನ ಅಂಚು ಕಾಣಲಿಲ್ಲ. ಇದನ್ನು ಕೇಳೋಕೆ ಬಂದದ್ದಲ್ಲ, ಆದರೂ ಕೊಡು ಎಂದು ನಕ್ಕಳು.

ಅವರು ಭಾನುವಳ್ಳಿಯವರು. ಮಗಳ ಮದುವೆ. ನೆಂಟರಿಗೆ ಉಡಿಸುವ ಸೀರೆಗಳಿಗೆಲ್ಲ ಜಂಪರ್ ಬೇಕಿತ್ತು. ಆಕೆ ಚೀಲದಿಂದ ಕಾಗದದ ಪುಟ್ಟ ಪೊಟ್ಟಣಗಳನ್ನು ತೆಗೆದು ಸುರಿದಳು. ಇಪ್ಪತ್ತಮೂರು. ಒಂದೊಂದರೊಳಗೂ ಎರಡೆರಡು ಎಳೆ, ಮೇಲೆ ಸೋದರತ್ತೆ, ದೊಡ್ಡವ್ವ ಎಂದು ಬರೆದಿತ್ತು. ಬಡಗಿ ಟೇಪು ಸುತ್ತಿಕೊಂಡು ಬದಿಗೆ ನಿಂತ. ಮೈದುನ ಮೆಟ್ಟಿಲ ಮೇಲೆ ಕೂತ.

ಒಂದು ಬೆಂಕಿಪೊಟ್ಟಣ ಖಾಲಿಯಾಗಿ ಇನ್ನೊಂದನ್ನು ಒಡೆದೆ. ಸುತ್ತುವುದು, ಬಿಳಿ ಕಾಗದದ ಮೇಲಿಡುವುದು, ತೋಳು ಚಾಚಿ ನೋಡುವುದು, ರೆಪ್ಪೆ ಬಡಿಯುವುದು, ಮತ್ತೆ ನೋಡುವುದು. ನಡುವೆ ಎರಡು ಸಲ ಕಣ್ಣಿಗೆ ಹನಿ ಹಾಕಿಕೊಂಡೆ. ಆ ದಪ್ಪನೆಯ ಹೆಂಗಸು ಒಂದೊಂದು ಬಟ್ಟೆಯನ್ನೂ ನೂಲಿನ ಜೊತೆ ಬೀದಿಗೆ ಒಯ್ದು, ಬಿಸಿಲಿಗೆ ಹಿಡಿದು, ಹಿಂದೆ ಬಂದು ಕೌಂಟರಿನ ಬಲಗಡೆ ಇಡುತ್ತಿದ್ದಳು. ಬಲಗಡೆ ಇಟ್ಟರೆ ಕತ್ತರಿಸು ಎಂದು ಅರ್ಥ. ಎಡಗಡೆ ಒಂದೂ ಬರಲಿಲ್ಲ. ಹತ್ತು ಮುಗಿದ ಮೇಲೆ ಮೈದುನ ಎದ್ದು ಬಂದು ರೋಲುಗಳ ತುದಿ ಹಿಡಿಯತೊಡಗಿದ. ಯಾರೂ ಹೇಳಿರಲಿಲ್ಲ.

ಇಪ್ಪತ್ತೆರಡು ಆದವು. ಕೊನೆಯ ಪೊಟ್ಟಣ ಆ ದಪ್ಪನೆಯ ಹೆಂಗಸಿನದೇ, ಮಗಳ ಮುಹೂರ್ತಕ್ಕೆ ತಾನು ಉಡುವ ಸೀರೆ. ಒಂದು ಎಳೆ ತಾಮ್ರ, ಒಂದು ಎಳೆ ಕಪ್ಪಿಗೆ ಹತ್ತಿರದ ಕೆಂಪು. ಕಡ್ಡಿಗಳನ್ನು ನೋಡಿದೆ, ರೋಲುಗಳನ್ನು ನೋಡಿದೆ. ಹತ್ತಿರದ್ದು ಒಂದಿತ್ತು. ಆಕೆಗೂ ಅದು ಕಾಣಿಸಿ, ಇದೇ ಆಗುತ್ತದೆ, ಕೊಟ್ಟುಬಿಡು, ಹೊತ್ತಾಯಿತು ಎಂದಳು. ಮೈದುನ ಆಗಲೇ ರೋಲಿಗೆ ಕೈ ಹಾಕಿದ್ದ. ದೀಪಾವಳಿಯ ಗಡುವು ಮುಗಿದು ನಾಲ್ಕು ದಿನ, ಇಲ್ಲ ಎನ್ನಲು ಒಳ್ಳೆಯ ದಿನವಲ್ಲ. ಆದರೆ ನನ್ನ ಕಣ್ಣಿಗೆ ಅಂತರ ಕಾಣುತ್ತಿತ್ತು, ಮತ್ತು ಕಂಡದ್ದನ್ನು ಕಂಡಿಲ್ಲ ಎನ್ನಲು ನಾನು ಇಷ್ಟೆಲ್ಲ ಪಾಡು ಪಟ್ಟಿರಲಿಲ್ಲ.

"ಇದು ಆಗಂಗಿಲ್ರಿ. ಈ ಬಣ್ಣ ನಮ್ಮಲ್ಲಿಲ್ಲ. ದಾವಣಗೆರ್ಯಾಗೆ ನೋಡ್ರಿ" ಎಂದೆ.

ಆಕೆ ಆ ರೋಲನ್ನು ತಾನೇ ಬಿಸಿಲಿಗೆ ಹೊತ್ತೊಯ್ದಳು. ಜೊತೆಗಿದ್ದ ಮೂವರೂ ಹೋದರು. ರಸ್ತೆಯಲ್ಲಿ ನಾಲ್ಕು ತಲೆಗಳು ಒಂದು ಕಡ್ಡಿಯ ಮೇಲೆ ಬಗ್ಗಿದವು. ಆಮೇಲೆ ಆಕೆ ಒಳಗೆ ಬಂದು ರೋಲನ್ನು ಎಡಗಡೆ ಇಟ್ಟಳು, ಕಡ್ಡಿಗಳೆರಡನ್ನೂ ನನ್ನ ಅಂಗೈಗೆ ಹಾಕಿದಳು.

"ದಾವಣಗೆರಿಗೆ ನಾ ಯಾಕ ಹೋಗ್ಲಿ. ನಿನ್ ಕಣ್ಣಿಗೆ ಸರಿ ಬಂದಿದ್ದು ತರ್ಸು, ಅದನ್ನೇ ತೊಡ್ತೀನಿ. ನನ್ನ ವಾರಗಿತ್ತಿ ಮನೆಯಾಗೂ ಮದ್ವಿ ಐತೆ, ಅವ್ರನ್ನೂ ಇಲ್ಲಿಗೇ ಕಳಿಸ್ತೀನಿ" ಎಂದಳು.

ಅವರ ಕ್ರೂಸರ್ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಅದರ ನಂಬರ್ ಪ್ಲೇಟ್ ನನಗೆ ಓದಲು ಬರುತ್ತಿತ್ತು. ಬಡಗಿ ಮೈದುನನ ಮುಖ ನೋಡಿದ. ಮೈದುನ ತಾಯಿಯ ಮುಖ ನೋಡಿದ. ಅತ್ತೆ ಚೂರು ಬಟ್ಟೆಗಳನ್ನು ಗುಡಿಸುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ನಿಂತರು.

"ಅಂಗಡಿ ಖಾಲಿ ಇಲ್ಲಪ್ಪಾ. ನನ್ನ ಸೊಸಿ ಕುಂತಾಳೆ" ಎಂದರು.

ಅಷ್ಟು ಹೇಳಿ ಮತ್ತೆ ಬಗ್ಗಿ ಗುಡಿಸತೊಡಗಿದರು. ಎಷ್ಟೋ ತಿಂಗಳ ಮೇಲೆ ನನ್ನ ಕಣ್ಣುಗಳಲ್ಲಿ ನನ್ನದೇ ನೀರು ತುಂಬಿ ಹರಿಯಿತು.